ಲಗ್ನಪತ್ರಿಕೆ ಸೀಸನ್ನಿನ ಹಾರ್ಡ್ ಡಿಸ್ಕ್

2011ರ ಮಾತು. ತುಳಸಿ ಲಗ್ನ ಮುಗಿಯಿತೆಂದರೆ ಶಿರಸಿಯ ಡಿಟಿಪಿ ಅಂಗಡಿಗಳಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ಸಂಜೆ ಹೊತ್ತು ಭಾವನ ಅಂಗಡಿಯಲ್ಲಿ ಕೂತು ನಾನು ಪ್ರೂಫ್ ನೋಡಿಕೊಡುತ್ತಿದ್ದೆ. ಒಂದು ದಿನ ಕಂಪ್ಯೂಟರಿನ ಡಬ್ಬದೊಳಗಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು. ಸದ್ದು ಬಂದಾಗಲೆಲ್ಲ ಪೇಜ್‌ಮೇಕರ್ ಗಪ್ಪನೆ ನಿಂತುಬಿಡುವುದು.

“ಶಕುನ ಅಲ್ಲ ಭಾವ, ಹಾರ್ಡ್ ಡಿಸ್ಕ್ ಹೋಗ್ತಾ ಇದ್ದು” ಎಂದೆ.

ರಿಪೇರಿಯವನು ಬಂದು, ಹೊಸ ಡಿಸ್ಕ್ ಹಾಕಿ ವಿಂಡೋಸ್ ಕೂರಿಸಿದರೆ ಮುಗಿಯಿತು, ಒಂದು ತಾಸಿನ ಕೆಲಸ ಎಂದ. ನೆಗಡಿಯಿಂದ ಸನ್ನಿಯವರೆಗೆ ಇವರದು ಇದೊಂದೇ ಔಷಧ. ಭಾವನ ಡಿಸ್ಕಿನಲ್ಲಿ ಇದ್ದದ್ದು ವಿಂಡೋಸ್ ಎಕ್ಸ್‌ಪಿ ಒಂದೇ ಆಗಿದ್ದರೆ ಸರಿ. ವರ್ಷಾನುಗಟ್ಟಲೆ ಕೂಡಿಸಿದ ಕನ್ನಡ ಫಾಂಟುಗಳು, ನುಡಿಯ ಕೀಲಿಮಣೆ, ಸಿಡಿ ಎಂದೋ ಕಳೆದುಹೋದ ಪ್ರಿಂಟರ್ ಡ್ರೈವರ್, ಎಲ್ಲ ಅಲ್ಲೇ. ಅವೂ ಯೂನಿಕೋಡ್ ಬರುವ ಮುಂಚಿನ ಬಗೆಯ ಫಾಂಟುಗಳು. ಫಾಂಟ್ ತಪ್ಪಿದರೆ ‘ಚಿ. ಸೌ.’ ಇರಬೇಕಾದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಭಾವ ಒಪ್ಪಲಿಲ್ಲ. ಇದ್ದದ್ದು ಇದ್ದ ಹಾಗೇ ಹೊಸ ಡಿಸ್ಕಿಗೆ ಬರಬೇಕು ಅಂದ.

ಹೊಸ ಡಿಸ್ಕೂ ಸಸ್ತಾ ಇರಲಿಲ್ಲ. ಆ ವರ್ಷ ಥಾಯ್ಲೆಂಡಿನ ಅಯುತ್ತಾಯ ಕಡೆ ನೆರೆ ನುಗ್ಗಿ ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿದ್ದವು, ಜಗತ್ತಿನೆಲ್ಲೆಡೆ ದರ ಏರಿತ್ತು. “ಅಲ್ಲಿ ನೆರೆ ಬಂದ್ರೆ ಶಿರಸೀಲಿ ನಾ ದಂಡ ಕಟ್ಟವನಾ?” ಎಂದು ಗೊಣಗುತ್ತಲೇ 500 ಜಿಬಿಯದೊಂದನ್ನು ತರಿಸಿದ.

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವನ ಸೋದರಳಿಯ ಊರಿಗೆ ಬಂದಿದ್ದ. ಎಲ್ಲ ಫೈಲು ಕಾಪಿ ಹೊಡೆದು ಹಾಕಿಬಿಡು ಮಾಣಿ ಎಂದರೆ, “ಹಾಂಗೆ ಮಾಡಿದ್ರೆ ಬೂಟೇ ಆಗ್ತಿಲ್ಲೆ ಮಾವ” ಎಂದು ನಕ್ಕ. ಡಿಸ್ಕಿನ ಮೊದಲ 512 ಬೈಟು ಯಾವ ಫೋಲ್ಡರಿನಲ್ಲೂ ಕಾಣುವುದಿಲ್ಲವಂತೆ. ಅದರಲ್ಲಿ 446 ಬೈಟಿನೊಳಗೆ ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮು, ಆ ಡಿಸ್ಕಿನದೇ ಒಂದು ಗುರುತಿನ ಸಂಖ್ಯೆ. ಮುಂದಿನ 64 ಬೈಟಿನಲ್ಲಿ ಯಾವ ಪಾರ್ಟಿಷನ್ ಎಲ್ಲಿಂದ ಎಷ್ಟು ಎಂಬ ಲೆಕ್ಕ. ಕೊನೆಯ ಎರಡು ಬೈಟು ಮೊಹರು. ಆದ್ದರಿಂದ ಫೈಲು ನೋಡದೆ ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಡಿಸ್ಕನ್ನೇ ಎತ್ತಬೇಕು.

ಹಳೆಯ 40 ಜಿಬಿಗೆ ಅಗಲ ಪಟ್ಟಿ ಕೇಬಲ್ಲು, ಹೊಸದಕ್ಕೆ ಬೆರಳಗಲದ ಸಾಟಾ. ಬೋರ್ಡಿನಲ್ಲಿ ಎರಡಕ್ಕೂ ಜಾಗವಿದ್ದದ್ದು ಪುಣ್ಯ. ಲಿನಕ್ಸ್ ಲೈವ್ ಸಿಡಿಯಿಂದ ಎಬ್ಬಿಸಿ ಡಿಡಿರೆಸ್ಕ್ಯೂ ಓಡಿಸಿದ. ಅದರ ಜಾಣತನ ನನಗೆ ಬಹಳ ಹಿಡಿಸಿತು. ಕೆಟ್ಟ ಜಾಗ ಸಿಕ್ಕಿದರೆ ಅಲ್ಲೇ ಗುದ್ದಾಡುತ್ತ ಕೂರುವುದಿಲ್ಲ. ಅದನ್ನು ಬದಿಗಿಟ್ಟು, ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಆಮೇಲೆ ತಿರುಗಿ ಬಂದು ಕೆದಕುತ್ತದೆ. ಸಾಯುತ್ತಿರುವ ಡಿಸ್ಕನ್ನು ಹೆಚ್ಚು ದುಡಿಸಬಾರದಲ್ಲ. ಎಲ್ಲಿಯವರೆಗೆ ಬಂತು ಎಂಬುದನ್ನು ಒಂದು ಲಾಗ್ ಫೈಲಿನಲ್ಲಿ ಬರೆದುಕೊಳ್ಳುತ್ತದೆ. ಆ ಫೈಲನ್ನು ಮಾಣಿ ಪೆನ್‌ಡ್ರೈವಿನಲ್ಲಿ ಇಟ್ಟಿದ್ದ.

ರಾತ್ರಿ ಕರೆಂಟು ಹೋಯಿತು. ಯುಪಿಎಸ್ಸು ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. “ಹೋತಲೋ ಮಾರಾಯ!” ಎಂದು ಭಾವ ತಲೆ ಮೇಲೆ ಕೈ ಹೊತ್ತ. ಕರೆಂಟು ಬಂದ ಮೇಲೆ ಮಾಣಿ ಅದೇ ಲಾಗ್ ಫೈಲು ತೋರಿಸಿದ್ದೇ ತಡ, ಕೆಲಸ ಬಿಟ್ಟಲ್ಲಿಂದ ಹೊರಟಿತು. ಲೈವ್ ಸಿಡಿಯ ಮೆಮೊರಿಯಲ್ಲೇ ಬಿಟ್ಟಿದ್ದರೆ ಕರೆಂಟಿನ ಜೊತೆ ಅದೂ ಹೋಗುತ್ತಿತ್ತು.

ಬೆಳಗಿನ ಹೊತ್ತಿಗೆ ಕೆಲವೇ ಕೆಲವು ಸೆಕ್ಟರು ಬಿಟ್ಟು ಉಳಿದದ್ದೆಲ್ಲ ಈಚೆ ಬಂದಿತ್ತು. ಭಾವ ಸ್ವಿಚ್ಚಿಗೆ ಕೈ ಹಾಕಿದ್ದ, ಮಾಣಿ ತಡೆದು ಹಳೆಯ ಡಿಸ್ಕನ್ನು ಬಿಚ್ಚಿ ಈಚೆ ಇಟ್ಟ. ಎರಡಕ್ಕೂ ಈಗ ಗುರುತಿನ ಸಂಖ್ಯೆ ಒಂದೇ; ಜೊತೆಗಿದ್ದರೆ ಯಾವುದು ಸಿ ಡ್ರೈವ್ ಎಂದು ಎಕ್ಸ್‌ಪಿ ಗೊಂದಲ ಮಾಡಿಕೊಳ್ಳುವ ಭಯ. ಆನ್ ಮಾಡಿದರೆ ಮೊದಲು ಚೆಕ್‌ಡಿಸ್ಕಿನ ನೀಲಿ ಪರದೆ, ಹಿಂದೆಯೇ ಎಂದಿನ ಡೆಸ್ಕ್‌ಟಾಪ್, ಐಕಾನುಗಳು ಸಹ ಕೂತಲ್ಲೇ ಕೂತಿದ್ದವು. ಪ್ರಿಂಟರ್ ಮೊದಲ ಹೊಡೆತಕ್ಕೇ ಹಾಳೆ ಎಳೆದುಕೊಂಡಿತು. ಹೋದದ್ದು ಗಣಪತಿ ಚಿತ್ರದ ಬಾರ್ಡರಿನ ಒಂದು ಫೈಲು ಮಾತ್ರ.

ಮೈ ಕಂಪ್ಯೂಟರ್ ತೆರೆದವನೇ ಭಾವ ಮತ್ತೆ ಗರಂ ಆದ. “ದುಡ್ಡು ಕೊಟ್ಟದ್ದು 500ಕ್ಕೆ, ಇದೆಂತದೋ ಇನ್ನೂ 37 ಅಂತು?” ಇದ್ದ ಹಾಗೇ ಬರಲಿ ಅಂದದ್ದು ನೀನೇ ಅಲ್ಲವಾ ಮಾವ ಎನ್ನುತ್ತ ಮಾಣಿ ಉಳಿದ ಖಾಲಿ ಜಾಗಕ್ಕೆ ಹೊಸ ಪಾರ್ಟಿಷನ್ ಮಾಡತೊಡಗಿದ. ಅಷ್ಟರಲ್ಲಿ ಬಾಗಿಲಲ್ಲಿ ಹುಡುಗಿ ಕಡೆಯವರು, ಪ್ರೂಫ್ ಆಯಿತಾ ಎಂದು.