ಉಮ್ಮನ ಬೀಡಿ ಮತ್ತು ಕಾಣದ ಗೆಳೆಯ

2007ರ ಒಂದು ಗುರುವಾರ ರಾತ್ರಿ. ದಮ್ಮಾಮಿನ ನಮ್ಮ ಕೋಣೆಯಲ್ಲಿ ಜೊತೆಗಾರರೆಲ್ಲ ಮಲಗಿದ್ದರು. ಮರುದಿನ ರಜೆ. ನಾನೊಬ್ಬನೇ ಕಂಪ್ಯೂಟರಿನ ಮುಂದೆ ಕುಳಿತು ಉಮ್ಮನ ಬಗ್ಗೆ ಬರೆಯುತ್ತಿದ್ದೆ. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಅವರು ಬೀಡಿ ಕಟ್ಟುತ್ತಿದ್ದುದು, ಎಲೆಗೆ ಹೊಗೆಸೊಪ್ಪು ತುಂಬಿ ಸುತ್ತಿ ನೂಲು ಬಿಗಿಯುವಾಗಲೂ ನಮ್ಮ ಪಾಠಕ್ಕೆ ಕಿವಿಗೊಡುತ್ತಿದ್ದುದು, ಬೀಡಿ ಬ್ರಾಂಚಿಗೆ ನಾನೂ ಅವರ ಹಿಂದೆ ನಡೆಯುತ್ತಿದ್ದುದು. ಪತ್ರಿಕೆಗೆ ಕಳಿಸುವ ಧೈರ್ಯವಿರಲಿಲ್ಲ. ಆಗಷ್ಟೇ ಆರಂಭಿಸಿದ್ದ ಬ್ಲಾಗಿಗೆ ಹಾಕಿ, ಕೆಳಗೊಂದು ಗುಪ್ತನಾಮ ಬರೆದು ಮಲಗಿದೆ.

ಮರುದಿನ ಜುಮಾ ಮುಗಿಸಿ ಬಂದು ನೋಡಿದರೆ ಒಂದು ಪ್ರತಿಕ್ರಿಯೆ. "ನನ್ನ ಅಮ್ಮನೂ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದರು. ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟು ಬಿಚ್ಚಿ ಬೀಡಿಗಳನ್ನು ಪಕ್ಕಕ್ಕೆ ಎಸೆಯುವಾಗ ಅಮ್ಮನ ಮುಖ ನೋಡಲಾಗದೆ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ." ಬರೆದವರು ಬೆಂಗಳೂರಿನಲ್ಲಿದ್ದ ಒಬ್ಬ ಹಿಂದೂ ಯುವಕ. ಊರು ನಮ್ಮದೇ ಕರಾವಳಿ. ಅಂದಿನಿಂದ ನಮ್ಮಿಬ್ಬರ ನಡುವೆ ಮಿಂಚಂಚೆಗಳು ಹರಿದಾಡತೊಡಗಿದವು. ಫೋನಿನಲ್ಲಿ ಉಮ್ಮನಿಗೆ ಈ ವಿಷಯ ಹೇಳಿದೆ. "ಅವನ ತಾಯಿಯನ್ನು ನಾನು ಕೇಳಿದೆನೆಂದು ಹೇಳು ಮಗಾ" ಎಂದರು. ಹೇಳೋಣವೆಂದುಕೊಂಡೆ, ಮರೆತೆ.

ಅದು ಕನ್ನಡ ಬ್ಲಾಗುಗಳಿಗೆ ಸುಗ್ಗಿಯ ಕಾಲ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ' ತಂತ್ರಾಂಶದಿಂದಾಗಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ನಮ್ಮಂಥವರಿಗೂ ಸುಲಭವಾಗಿತ್ತು. 2005ರಲ್ಲಿ ಹರಿಪ್ರಸಾದ್ ನಾಡಿಗರು 'ಸಂಪದ' ಆರಂಭಿಸಿದ್ದರು. ಬಳಿಕ ಅಬ್ದುಲ್ ರಶೀದರು ಸಂಪಾದಿಸಿದ 'ಕೆಂಡಸಂಪಿಗೆ' ಬಂತು. ಆರ್ಕುಟ್‌ನಲ್ಲಿ ಊರಿಗೊಂದು, ಶಾಲೆಗೊಂದು ಬಳಗವಿತ್ತು. ಸಂಪಾದಕರ ಒಪ್ಪಿಗೆಗೆ ಕಾಯದೆ ಬರೆಯಬಹುದು, ಓದಿದವರು ಅಲ್ಲೇ ಕೆಳಗೆ ಉತ್ತರಿಸಬಹುದು ಎಂಬುದೇ ನಮಗೆಲ್ಲ ದೊಡ್ಡ ಬೆರಗು.

ನಾನೊಂದು ಚರ್ಚಾ ವೇದಿಕೆಯನ್ನೂ ಸೇರಿಕೊಂಡೆ. ಅಲ್ಲಿಂದ ಪಡೆದದ್ದು ಕಡಿಮೆಯಲ್ಲ. ನನ್ನ ಪರದೆಯಲ್ಲಿ ಕನ್ನಡ ಅಕ್ಷರಗಳ ಬದಲು ಬರೀ ಚೌಕಗಳು ಕಾಣುತ್ತಿದ್ದಾಗ, ಮುಖ ಕಾಣದ ಒಬ್ಬರು ರಾತ್ರಿ ಹನ್ನೆರಡರವರೆಗೆ ಹೆಜ್ಜೆ ಹೆಜ್ಜೆಯಾಗಿ ತಿಳಿಸಿ ಸರಿಪಡಿಸಿಕೊಟ್ಟಿದ್ದರು. ಆ ಉತ್ತರವನ್ನು ಹುಡುಕಿ ತಿಂಗಳುಗಳ ನಂತರವೂ ಜನ ಬರುತ್ತಿದ್ದರು.

ಅದೇ ವೇದಿಕೆಯಲ್ಲಿ ಒಂದು ದಿನ ಯಾರೋ ಕೇಳಿದರು: "ಮನೆಮಾತು ಕನ್ನಡವಲ್ಲದವರು ಕನ್ನಡಿಗರಾಗುವುದು ಹೇಗೆ?" ಮೊದಲ ಹತ್ತು ಉತ್ತರಗಳು ಸಭ್ಯವಾಗಿದ್ದವು. ಆಮೇಲೆ ಒಬ್ಬಾತ ಮುಸ್ಲಿಮರನ್ನು ಎಳೆದು ತಂದ. ನಾನು ಬ್ಯಾರಿ ಭಾಷೆ ಆಡುವವನು, ಕನ್ನಡದಲ್ಲಿ ಓದಿದವನು, ಕನ್ನಡದಲ್ಲೇ ಬರೆಯುವವನು. ಸಹಿಸಲಾಗಲಿಲ್ಲ. ಬೇರೊಂದು ಗುಪ್ತನಾಮದಲ್ಲಿ ಉತ್ತರಿಸಿದೆ. ಆತನೂ ಬಿಡಲಿಲ್ಲ. ಮೂರು ರಾತ್ರಿ ಇದೇ ನಡೆಯಿತು. ಅವನ ಮನೆತನವನ್ನೆಲ್ಲ ಜಾಲಾಡುವ ಮಾತು ನನ್ನ ಬೆರಳಿನಿಂದ ಬಂತು.

ಆ ವೇದಿಕೆಯ ಏರ್ಪಾಡೇ ಹಾಗಿತ್ತು. ಹೊಸ ಉತ್ತರ ಬಿದ್ದ ವಿಷಯ ಪಟ್ಟಿಯ ಮೇಲಕ್ಕೆ ಬರುತ್ತದೆ. ಸಮಾಧಾನದಿಂದ ಮುಗಿದ ಮಾತು ಕೆಳಗಿಳಿದು ಮರೆಯಾಗುತ್ತದೆ, ಜಗಳ ಮಾತ್ರ ತನ್ನ ಬಲದಿಂದಲೇ ಮೇಲೆ ನಿಲ್ಲುತ್ತದೆ. ಮೇಲಿದ್ದುದನ್ನು ಹೊಸಬರು ನೋಡುತ್ತಾರೆ, ಅವರೂ ಒಂದು ಕೊಳ್ಳಿ ಹಾಕಿ ಹೋಗುತ್ತಾರೆ. ನಾನಂತೂ ಆತನಿಗೆ ಬರೆಯುವುದನ್ನು ಯಾವಾಗಲೋ ನಿಲ್ಲಿಸಿದ್ದೆ. ಬರೆಯುತ್ತಿದ್ದುದು ಸುತ್ತ ನಿಂತು ನೋಡುತ್ತಿದ್ದವರಿಗೆ.

ನಾಲ್ಕನೇ ರಾತ್ರಿ ಆತ ಬರೆದ: "ಬಡತನದ ಕಥೆ ನನಗೆ ಹೇಳಬೇಡಿ. ಚೆಕ್ಕರ್ ಬೀಡಿ ಎಸೆಯುವಾಗ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತವನು ನಾನು."

ನನ್ನ ಕೈ ಕೀಲಿಮಣೆಯ ಮೇಲೆಯೇ ಉಳಿಯಿತು. ಬ್ಲಾಗಿನಲ್ಲಿ ನನ್ನ ಉಮ್ಮನಿಗಾಗಿ ಮರುಗಿದ್ದವನೇ ಇಲ್ಲಿ ನನ್ನ ಕನ್ನಡವನ್ನು ಪ್ರಶ್ನಿಸುತ್ತಿದ್ದ. ಆತನ ಮನೆಮಾತಾದರೂ ಕನ್ನಡವೇ? ಅಲ್ಲ, ತುಳು. ತುಳು ಮಾತಿನ ಅವನೂ ಬ್ಯಾರಿ ಮಾತಿನ ನಾನೂ ನಮ್ಮ ತಾಯಂದಿರ ಸುದ್ದಿ ಹಂಚಿಕೊಂಡದ್ದು ಕನ್ನಡದಲ್ಲಿ. ಯಾರು ಕನ್ನಡಿಗ ಎಂದು ಕಿತ್ತಾಡುತ್ತಿದ್ದುದೂ ಕನ್ನಡದಲ್ಲಿ!

ಅವನೊಬ್ಬ ಇಬ್ಬಂದಿ ಎಂದು ತೀರ್ಪು ಕೊಡಬಹುದಿತ್ತು. ಆದರೆ ನಾನೇನು ಒಬ್ಬನೇ ಆಗಿದ್ದೆನೇ? ಬ್ಲಾಗು ನನ್ನ ಮನೆ. ಬಂದವರು ನನ್ನ ಉಮ್ಮನನ್ನು ಕಂಡು ಆಮೇಲೆ ಮಾತಾಡುತ್ತಿದ್ದರು. ವೇದಿಕೆಯಲ್ಲಿ ನಾವಿಬ್ಬರೂ ತಾಯಂದಿರನ್ನು ಹಿಂದೆ ಬಿಟ್ಟು ನಮ್ಮ ನಮ್ಮ ಪಂಗಡದ ವಕೀಲರಾಗಿ ಬಂದಿದ್ದೆವು.

ಎರಡು ದಿನ ಸುಮ್ಮನಿದ್ದು, ಬ್ಲಾಗಿನ ಹಳೆಯ ಹೆಸರಿನಿಂದ ಅವನಿಗೆ ಒಂದು ಮಿಂಚಂಚೆ ಕಳಿಸಿದೆ. ವೇದಿಕೆಯಲ್ಲಿ ಜಗಳವಾಡಿದವನು ನಾನೇ ಎಂದು ತಿಳಿಸಿ, ಕೊನೆಗೆ ಸೇರಿಸಿದೆ: "ನನ್ನ ಉಮ್ಮ ನಿಮ್ಮ ತಾಯಿಯನ್ನು ಕೇಳಿದ್ದಾರೆ. ಹೇಳಲು ತಡವಾಯಿತು."

ಒಂಬತ್ತು ದಿನ ಉತ್ತರವಿಲ್ಲ. ಹತ್ತನೇ ದಿನ ಒಂದೇ ಸಾಲು ಬಂತು. "ನಿಮ್ಮ ಉಮ್ಮನ ಸೊಂಟ ನೋವು ಹೇಗಿದೆ ಎಂದು ಅಮ್ಮ ಕೇಳುತ್ತಿದ್ದಾರೆ." ಕ್ಷಮೆಯ ಮಾತನ್ನು ಇಬ್ಬರೂ ಆಡಲಿಲ್ಲ. ಆ ಚರ್ಚೆಗೆ ಇಬ್ಬರೂ ಮರಳಲಿಲ್ಲ. ನಾಲ್ಕು ದಿನದಲ್ಲಿ ಅದು ಪಟ್ಟಿಯ ಕೆಳಗಿಳಿಯಿತು.

ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ನಾವು ಬ್ಲಾಗಿಗರು ಒಬ್ಬೊಬ್ಬರಾಗಿ ಫೇಸ್‌ಬುಕ್‌ಗೆ ಗುಳೆ ಹೋದೆವು. ಬ್ಲಾಗನ್ನು ನಾವೇ ಹುಡುಕಿಕೊಂಡು ಹೋಗಬೇಕಿತ್ತು. ಈಗ ನಾವು ಎಲ್ಲಿಗೂ ಹೋಗಬೇಕಿಲ್ಲ. ಹೆಚ್ಚು ಜನರನ್ನು ಕೆರಳಿಸಿದ್ದು ಹೆಚ್ಚಾಗಿ ತಾನೇ ನಮ್ಮ ಕಣ್ಣೆದುರು ಬಂದು ನಿಲ್ಲುತ್ತದೆ. ವೇದಿಕೆಯ ಆ ಹಳೆಯ ಪಟ್ಟಿಯೇ ಇಂದು ಜಗದಗಲ ಹರಡಿ ಕುಳಿತಂತೆ ನನಗೆ ಕಾಣುತ್ತದೆ.

ಇಂದಿಗೂ ಯಾರಾದರೂ ನಮ್ಮವರನ್ನು ಹಳಿದು ಬರೆದಾಗ ರಕ್ತ ಬಿಸಿಯಾಗುತ್ತದೆ. ಉತ್ತರಿಸಬಾರದೆಂದು ನಾನು ಹೇಳಲಾರೆ, ಸುಳ್ಳಿಗೆ ಉತ್ತರ ಕೊಡಲೇಬೇಕು. ಆದರೆ ಬೆರಳು ಒತ್ತುವ ಮುನ್ನ ಒಂದು ಗಳಿಗೆ ತಡೆಯುತ್ತೇನೆ. ಆ ಹೆಸರಿನ ಹಿಂದೆಯೂ ಸಂಜೆ ಬ್ರಾಂಚಿನಿಂದ ಖಾಲಿ ಗೆರಸೆ ಹಿಡಿದು ಮರಳಿದ ಒಬ್ಬ ತಾಯಿ ಇದ್ದಿರಬಹುದು. ಅವರನ್ನೂ ನನ್ನ ಉಮ್ಮ ಕೇಳಿದ್ದಾರು.