ತರಗುಬೆಂಕಿಯ ಅರಿವು

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನುಡಿಯಲ್ಲಿ ‘ತರಗುಬೆಂಕಿ’ ಎಂಬ ಮಾತೊಂದಿದೆ. ತರಗೆಂದರೆ ಉದುರಿದ ಒಣ ಎಲೆ. ಬೇಸಿಗೆ ಬಲಿಯುವ ಮುನ್ನ ಅದಕ್ಕೆ ಹಚ್ಚುತ್ತಿದ್ದ ಬೆಂಕಿ ನೆಲದ ಮಟ್ಟದಲ್ಲಿಯೇ ಹರಿದು ಆರಿಹೋಗುತ್ತಿತ್ತು. ಅದು ಮರಗಳನ್ನು ಸುಡುವ ಕಾಡ್ಗಿಚ್ಚಲ್ಲ ಎಂಬುದನ್ನು ಸೋಲಿಗರು ಬಲ್ಲವರಾಗಿದ್ದರು.

1974ರಲ್ಲಿ ಈ ಬೆಟ್ಟ ವನ್ಯಜೀವಿಧಾಮವಾಯಿತು. ಬೇಟೆ, ಕುಮರಿ ಬೇಸಾಯಗಳೊಡನೆ ತರಗುಬೆಂಕಿಯೂ ನಿಷಿದ್ಧವಾಯಿತು. ಚದುರಿ ಬಾಳುತ್ತಿದ್ದ ಕುಟುಂಬಗಳು ಗೊತ್ತುಪಡಿಸಿದ ಪೋಡುಗಳಲ್ಲಿ ನೆಲಸಬೇಕಾಯಿತು. ಮುಂದಿನ ದಶಕಗಳಲ್ಲಿ ಅಮೆರಿಕ ಖಂಡ ಮೂಲದ ಲಂಟಾನ ಪೊದೆ ಕಾಡಿನ ತಳವನ್ನು ಮುಚ್ಚಿತು. ನೆಲ್ಲಿಮರಗಳ ಮೇಲೆ ಸೋಲಿಗರು ‘ಉಪ್ಪಿಲು’ ಎನ್ನುವ ಬದನಿಕೆ ಹೆಚ್ಚಿತು. ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಹಿರಿಯರು ಹೇಳುತ್ತಲೇ ಬಂದರು. ಆ ಮಾತನ್ನು ವಿಜ್ಞಾನಿಗಳು ಪರೀಕ್ಷಿಸಬೇಕಾದ ವಿವರಣೆಯೆಂದು ಗೌರವದಿಂದ ಎತ್ತಿಕೊಂಡರು. 2010 ಮತ್ತು 2012ರಲ್ಲಿ ಪ್ರಕಟವಾದ ಸಂಶೋಧನಾ ಲೇಖನಗಳು ಇದಕ್ಕೆ ಸಾಕ್ಷಿ.

ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರೊಡನೆ ಕಾಡು ಸುತ್ತಿ, ಒಂದೊಂದು ಕುಲದ ‘ಎಲ್ಲೆ’ಯಲ್ಲಿರುವ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳ ನೆಲೆಗಳನ್ನು ನಕ್ಷೆಗಿಳಿಸಿದ್ದು ಇನ್ನೂ ಮಹತ್ವದ ಕಾರ್ಯ. ಸರ್ಕಾರಿ ದಾಖಲೆಗಳಲ್ಲಿ ನಿರ್ಜನವೆಂಬಂತೆ ತೋರುತ್ತಿದ್ದ ಅರಣ್ಯ ಆ ನಕ್ಷೆಯಲ್ಲಿ ಹೆಸರುಗಳಿಂದ ತುಂಬಿತು. ಸೋಲಿಗ ಸಮುದಾಯದವರೇ ಆದ ಡಾ. ಸಿ. ಮಾದೇಗೌಡರು ಸಂಶೋಧಕರಾಗಿಯೂ ಹಕ್ಕಿನ ಹೋರಾಟಗಾರರಾಗಿಯೂ ನಿಂತದ್ದು ಈ ಅಧ್ಯಯನಪರಂಪರೆಯ ಹೆಮ್ಮೆಯೇ ಸರಿ.

2011ರಲ್ಲಿ ಬೆಟ್ಟ ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯಿದೆಯಂತೆ, ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಹುಲಿ ರಕ್ಷಿತಾರಣ್ಯವೊಂದರಲ್ಲಿ ಇಂಥ ಮನ್ನಣೆ ದೇಶದಲ್ಲೇ ಮೊದಲನೆಯದು. ಜೇನು, ನೆಲ್ಲಿ, ಪಾಸಿಗಳ ಸಂಗ್ರಹಣೆಯ ಹಕ್ಕು ಅವರದಾಯಿತು. ಆದರೆ ತರಗುಬೆಂಕಿ ಮರಳಲಿಲ್ಲ. ಹಚ್ಚಿ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಎಷ್ಟು ತೇವವಿರುವಾಗ, ಯಾವ ಗಾಳಿಗೆ, ಎಲ್ಲಿ ಹಚ್ಚಬೇಕೆಂಬ ವಿವೇಕ ಕೈಯಿಂದ ಕೈಗೆ ದಾಟದಿದ್ದರೆ, ಉಳಿಯುವುದು ಲೇಖನದೊಳಗಿನ ಶಬ್ದ ಮಾತ್ರ.

ಈ ಪ್ರಶ್ನೆ ಜೀವವಿಜ್ಞಾನಿಗಳಿಗಷ್ಟೇ ಸೇರಿದ್ದಲ್ಲ. ಕನ್ನಡದ ಜಾನಪದ ವಿದ್ವತ್ತೂ ಸೋಲಿಗರ ಹಾಡುಗಳನ್ನು, ಕಥೆಗಳನ್ನು ಬರೆದುಕೊಂಡು ಸಮೃದ್ಧವಾಗಿದೆ. ಹಾಡಿದವರ ಕಾಡು, ಅದರ ಮೇಲಿನ ಅವರ ಅಧಿಕಾರ ಏನಾಯಿತೆಂದು ಸಂಗ್ರಾಹಕನೂ ವಿಚಾರಿಸಬೇಕಾಗುತ್ತದೆ. ಅರಿವನ್ನು ಪಡೆದುಕೊಂಡವನು ಅದನ್ನು ಕೊಟ್ಟವರ ನೆಲದ ಹಕ್ಕಿಗೂ ಬಾಧ್ಯನಾಗುತ್ತಾನೆ. ಕಾಡಿನಿಂದ ದೂರದ ನಗರಗಳಲ್ಲಿ ಕನ್ನಡವನ್ನು ಓದಿಸುವ ವಿಭಾಗಗಳಿಗೂ ಈ ಋಣ ಸಲ್ಲುತ್ತದೆ.