ಹಳೆಯ ಗಾಡಿಯ ಹಲ್ಲು

ಹೊಸ ಮೋಟಾರು ಸೈಕಲ್ಲನ್ನು ಕೊಳ್ಳುವುದಕ್ಕೆ ಹಣವೊಂದಿದ್ದರೆ ಸಾಕು. ಹಳೆಯದನ್ನು ಕೊಳ್ಳುವುದಕ್ಕೆ ಹಣದ ಜೊತೆಗೆ ಕಣ್ಣು, ಕಿವಿ, ಮೂಗು ಮೂರೂ ಬೇಕು; ಬಾಯಿ ಮಾತ್ರ ಕೊಂಚ ಕಡಿಮೆ ಇದ್ದರೆ ಒಳ್ಳೆಯದು. ಅರ್ಥಶಾಸ್ತ್ರವನ್ನೂ ಇತಿಹಾಸವನ್ನೂ ಓದುವ ಬಿ. ಎ. ತರಗತಿಯ ವಿದ್ಯಾರ್ಥಿ ಈ ವಿಷಯವನ್ನೆತ್ತಿಕೊಂಡರೆ ‘ಇವನಿಗೇಕೆ ಈ ಉಸಾಬರಿ?’ ಎಂದು ವಾಚಕರು ಕೇಳಬಹುದು. ಕೇಳಲಿ. ಗಾಡಿ ನನ್ನದಲ್ಲ, ನನ್ನ ಸೋದರಮಾವನ ಮಗನದು. ಕಾಗದಪತ್ರ ಓದುವುದಕ್ಕೆ ಒಬ್ಬ ಬೇಕೆಂದು ಭಾವ ನನ್ನನ್ನು ಕರೆದೊಯ್ದ. ಕಾಗದ ಓದಲು ಹೋದವನು ಗಾಡಿಯನ್ನು ಓದುವುದನ್ನೂ ತಕ್ಕಮಟ್ಟಿಗೆ ಕಲಿತು ಬಂದೆ.

ಭಾವನದು ಐ. ಟಿ. ಐ. ವಿದ್ಯೆ. ಊರಿಂದ ಇಪ್ಪತ್ತೆಂಟು ಕಿಲೋಮೀಟರು ದೂರದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಎರಡನೆಯ ಪಾಳಿ ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ಆ ಹೊತ್ತಿಗೆ ನಮ್ಮ ಊರಿನ ಕಡೆಗೆ ಬಸ್ಸಿಲ್ಲ. ದಾರಿಯಲ್ಲಿ ಎರಡು ಕೆರೆಯ ಏರಿಗಳು, ಉದ್ದಕ್ಕೊಂದು ನೀಲಗಿರಿ ತೋಪು. ಅಂಥ ಕಡೆ ಗಾಡಿ ಕೈಕೊಟ್ಟರೆ ತಳ್ಳಿಕೊಂಡು ಬರುವುದೊಂದೇ ಗತಿ. ‘ಹಾಗಿದ್ದ ಮೇಲೆ ಎಲ್ಲರ ಹಾಗೆ ಒಂದು ಸಾಧು ಗಾಡಿ ತಗೊಳ್ಳಬಾರದೇನೋ?’ ಎಂದು ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆಯೆ. ಆದರೆ ಭಾವ ಮೂರನೆಯ ತರಗತಿಯಲ್ಲಿದ್ದಾಗ, 2008ರಲ್ಲಿ, ಯಮಹಾ ಕಂಪೆನಿಯವರು ಆರ್15 ಎಂಬ ಗಾಡಿಯನ್ನು ನಮ್ಮ ದೇಶದಲ್ಲಿ ಮಾರಾಟಕ್ಕೆ ತಂದರು. ಪಂದ್ಯದ ಗಾಡಿಯಂತೆ ಮೈತುಂಬ ಕವಚ, ಆರು ಗೇರು, ನೀರಿನಿಂದ ತಣಿಯುವ ಎಂಜಿನ್ನು, ಸವಾರ ಮುಂದಕ್ಕೆ ಬಾಗಿ ಕೂರುವ ಠೀವಿ. 2011ರಲ್ಲಿ ಅದರ ಎರಡನೆಯ ಅವತಾರವೂ 2018ರಲ್ಲಿ 155 ಸಿಸಿಯ ಮೂರನೆಯ ಅವತಾರವೂ ಬಂದವು. ಭಾವನ ಮನಸ್ಸು ಎರಡನೆಯದರಲ್ಲೇ ನಿಂತುಬಿಟ್ಟಿತ್ತು. ಮನುಷ್ಯನ ಆಸೆಗಳೆಲ್ಲ ನ್ಯಾಯವಾಗಿಯೇ ಇರಬೇಕೆಂದರೆ ಅಂಗಡಿಗಳು ನಡೆಯುವುದು ಹೇಗೆ? ಹೊಸದಕ್ಕೆ ಒಂದೂವರೆ ಲಕ್ಷಕ್ಕೂ ಮೇಲಾಗುತ್ತದೆ. ಅತ್ತೆ ತಿಂಗಳು ತಿಂಗಳೂ ಕಟ್ಟಿ ಎತ್ತಿದ ಚೀಟಿಯ ಹಣ 70,000 ರೂಪಾಯಿ. ಆದ್ದರಿಂದ ಹಳೆಯದೇ ಸರಿ ಎಂದಾಯಿತು.

ಹೊರಡುವ ಹಿಂದಿನ ದಿನ ತಾತ ಜಗುಲಿಯ ಮೇಲೆ ಕುಳಿತು ಉಪದೇಶ ಮಾಡಿದರು. ಅವರು ಮೋಟಾರು ಸೈಕಲ್ಲನ್ನು ಮುಟ್ಟಿದವರಲ್ಲ. ಆದರೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎಷ್ಟೋ ಜೊತೆ ಎತ್ತು ಕೊಂಡವರು, ಮಾರಿದವರು. ‘ಕೊಂಬು ನೋಡ್ಬ್ಯಾಡ ಕಣಪ್ಪ. ಕೊಂಬು ಹೆರೆದು ಎಣ್ಣೆ ಹಚ್ಚಿರ್ತಾರೆ. ಗೊರಸು ನೋಡು, ಬಾಯಿ ಬಿಡಿಸಿ ಹಲ್ಲು ನೋಡು. ಆಮೇಲೆ ಒಂದಷ್ಟು ದೂರ ನಡೆಸು’ ಎಂದರು. ಹಾಲುಹಲ್ಲು ಉದುರಿ ಜೋಡಿಜೋಡಿಯಾಗಿ ಬರುವ ಹಲ್ಲನ್ನೆಣಿಸಿ ಎತ್ತಿನ ಪ್ರಾಯ ಹೇಳುತ್ತಿದ್ದ ಕಾಲದವರು. ದಲ್ಲಾಳಿ ಎಷ್ಟೇ ಆಣೆ ಪ್ರಮಾಣ ಮಾಡಲಿ, ಅವನು ಎತ್ತಿನ ಬಾಯೊಳಗಿನದನ್ನು ತಿದ್ದುವುದಕ್ಕಾಗುವುದಿಲ್ಲವಲ್ಲ!

ನಮ್ಮ ಜೊತೆಗೆ ಬಂದವರು ಪೇಟೆಯ ಮೆಕ್ಯಾನಿಕ್ ಸಾಹೇಬರು. 1996ರಲ್ಲಿ ಬಾಗಿಲು ಹಾಕಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಇನ್ನೂ ನಡೆಯುತ್ತಿದ್ದ ದಿನಗಳಲ್ಲಿ ಯೆಜ್ಡಿ ಗಾಡಿಗಳನ್ನು ಬಿಚ್ಚಿ ಜೋಡಿಸುತ್ತ ಕೆಲಸ ಕಲಿತವರು. ಮಾತು ಬಹಳ ಕಡಿಮೆ.

ಮೊದಲನೆಯ ಗಾಡಿ ಇದ್ದದ್ದು ಹಳೆಯ ಗಾಡಿಗಳ ವ್ಯಾಪಾರದ ಅಂಗಡಿಯೊಂದರಲ್ಲಿ. ಅದರ ಹೊಳಪನ್ನು ಏನೆಂದು ಹೇಳಲಿ! ಕೆಂಪು ಬಣ್ಣದ ಕವಚದಲ್ಲಿ ನಮ್ಮ ಮೂವರ ಮುಖವೂ ಕಾಣುತ್ತಿತ್ತು. ‘ಡಾಕ್ಟರು ಓಡಿಸಿದ ಗಾಡಿ, ಆಸ್ಪತ್ರೆಗೆ ಮನೆಗೆ ಬಿಟ್ಟರೆ ಬೇರೆ ಕಡೆ ಹೋಗಿಯೇ ಇಲ್ಲ’ ಎಂದರು ಅಂಗಡಿಯವರು. ನಮ್ಮ ಜಿಲ್ಲೆಯಲ್ಲಿ ಮಾರಾಟಕ್ಕಿರುವ ಹಳೆಯ ಗಾಡಿಗಳನ್ನೆಲ್ಲ ಓಡಿಸುವಷ್ಟು ಮಂದಿ ಡಾಕ್ಟರುಗಳಿದ್ದಿದ್ದರೆ ರೋಗಿಗಳು ಸರತಿಯಲ್ಲಿ ನಿಲ್ಲಬೇಕಾಗಿರಲಿಲ್ಲ. ಸಾಹೇಬರು ಉತ್ತರ ಕೊಡದೆ ಎಂಜಿನ್ನಿನ ಬಳಿಗೆ ಅಂಗೈ ಒಯ್ದರು. ಬೆಚ್ಚಗಿತ್ತು. ‘ನೀವು ಬರ್ತೀರಿ ಅಂತ ಸ್ಟಾರ್ಟ್ ಮಾಡಿ ಇಟ್ಟಿದ್ದೆ’ ಎಂದು ಅಂಗಡಿಯವರು ಉಪಚಾರದ ಮಾತಾಡಿದರು. ಈ ಉಪಚಾರವೇ ಅಪಾಯವಂತೆ. ರಾತ್ರಿಯೆಲ್ಲ ತಣ್ಣಗೆ ನಿಂತ ಎಂಜಿನ್ನು ಮೊದಲ ಸಲ ಹತ್ತುವಾಗಲೇ ಅದರ ದೋಷಗಳು ಬಾಯಿಬಿಡುವುದು. ಸವೆದ ಭಾಗದ ಕಟಕಟ ಸದ್ದು, ಸೊರಗಿದ ಬ್ಯಾಟರಿಯ ನರಳಾಟ, ಹೊಗೆ, ಇವೆಲ್ಲ ಎಂಜಿನ್ನು ಬಿಸಿಯಾದ ಮೇಲೆ ಅರ್ಧಕ್ಕರ್ಧ ಅಡಗಿಬಿಡುತ್ತವೆ. ಹೀಗಾಗಿ ತಿಳಿದವರು ಹೇಳಿದ ಹೊತ್ತಿಗಿಂತ ಮುಂಚಿತವಾಗಿಯೇ ಹೋಗುತ್ತಾರೆ.

ಆಮೇಲೆ ಸಾಹೇಬರು ನೆಲದ ಮೇಲೆ ಕುಳಿತು, ಟಾರ್ಚು ಹಿಡಿದು, ಗಾಡಿಯ ಕತ್ತಿನ ಕೆಳಗೆ ಇಣುಕಿದರು. ಹ್ಯಾಂಡಲ್ಲು ಎಡಕ್ಕೋ ಬಲಕ್ಕೋ ಪೂರ್ತಿ ತಿರುಗಿದಾಗ ಅದನ್ನು ತಡೆಯುವುದಕ್ಕೆ ಚಾಸಿಯ ಕತ್ತಿನಲ್ಲಿ ಸಣ್ಣದೊಂದು ಲೋಹದ ತಡೆ ಇರುತ್ತದೆ. ಗಾಡಿ ಜೋರಾಗಿ ಬಿದ್ದರೆ ಹ್ಯಾಂಡಲ್ಲು ಅದಕ್ಕೆ ಗುದ್ದುತ್ತದೆ. ಕವಚ ಒಡೆದರೆ ಹೊಸದು ಹಾಕಬಹುದು, ಬಣ್ಣ ಹೋದರೆ ಬಳಿಯಬಹುದು. ಈ ತಡೆಯನ್ನು ನೆಟ್ಟಗೆ ಮಾಡಬೇಕೆಂಬ ಯೋಚನೆ ಮಾತ್ರ ಯಾರಿಗೂ ಬರುವುದಿಲ್ಲ. ಎಡಗಡೆಯದು ಜಜ್ಜಿಹೋಗಿತ್ತು. ಮುಂದಿನ ಚಕ್ರವನ್ನು ನೆಲದಿಂದೆತ್ತಿಸಿ ಹ್ಯಾಂಡಲ್ಲನ್ನು ಒಂದು ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ ನಟ್ಟನಡುವೆ ಒಂದು ಕಡೆ ಕಚ್ಚಿ ನಿಲ್ಲುತ್ತಿತ್ತು. ಅಲ್ಲಿಗೆ ಕತ್ತಿನ ಬೇರಿಂಗು ಹೋಗಿತ್ತೆಂದು ಅರ್ಥ. ಕಾಲಿಡುವ ಕಂಬಿಯ ತುದಿ, ಬ್ರೇಕಿನ ಹಿಡಿಯ ತುದಿ, ಎರಡೂ ಹೊಚ್ಚ ಹೊಸವು. ಎಂಟೊಂಬತ್ತು ವರ್ಷದ ಗಾಡಿಗೆ ಆ ಎರಡೇ ಏಕೆ ಹೊಸವಿರಬೇಕು? ಮೀಟರು ಹದಿನಾಲ್ಕು ಸಾವಿರ ಕಿಲೋಮೀಟರೆಂದು ತೋರಿಸುತ್ತಿತ್ತು. ಆದರೆ ಗೇರಿನ ಕಡ್ಡಿಯ ರಬ್ಬರು ನಮ್ಮ ಹಳೆಯ ನಾಣ್ಯಗಳ ಹಾಗೆ ಅಚ್ಚಳಿದು ನುಣ್ಣಗಾಗಿತ್ತು. ಅಂಕಿ ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸುವವರೂ ಇದ್ದಾರೆ, ಮೀಟರನ್ನೇ ಬದಲಾಯಿಸುವವರೂ ಇದ್ದಾರೆ. ಸವೆದ ರಬ್ಬರಿಗೆ ಯೌವನ ತರಿಸುವವರನ್ನು ಕಾಣೆ. ಸಾಹೇಬರು ಎದ್ದು ಪಂಚೆಯ ಧೂಳು ಕೊಡವಿಕೊಂಡು ‘ನಡೀರಿ’ ಎಂದರು. ಭಾವ ತಿರುತಿರುಗಿ ನೋಡುತ್ತಲೇ ಬಂದ.

ಎರಡನೆಯದರ ವಿಚಾರ ಬಹಳ ಹೇಳುವ ಹಾಗಿಲ್ಲ. ಸೈಲೆನ್ಸರನ್ನು ಕೊರೆಸಿ ಊರೆಲ್ಲ ಅದುರುವಂತೆ ಮಾಡಿಕೊಂಡಿದ್ದ ಯುವಕನೊಬ್ಬನ ಗಾಡಿ. ಸ್ಟಾರ್ಟು ಮಾಡಿ ಆಕ್ಸಿಲರೇಟರ್ ತಿರುಗಿಸಿದೊಡನೆಯೇ ನೀಲಿ ಹೊಗೆ. ಬೆಳಗಿನ ಚಳಿಯಲ್ಲಿ ಒಂದೆರಡು ನಿಮಿಷ ಕಾಣುವ ಬಿಳಿಯ ಹಬೆಗೆ ಹೆದರಬೇಕಾದ್ದಿಲ್ಲ. ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ತಣಿಸುವ ನೀರು ಎಂಜಿನ್ನಿನೊಳಗೆ ಇಳಿಯುತ್ತಿದೆಯೆಂದು ಸಂಶಯಪಡಬೇಕು. ಆಯಿಲ್ ಮುಚ್ಚಳ ತೆಗೆದು ನೋಡಿದರೆ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆ ಸಿಕ್ಕಬಹುದು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಆಯಿಲ್ ಬದಲಾಯಿಸದೆ ಮುಳ್ಳು ಕೆಂಪುಗೆರೆ ಮುಟ್ಟುವ ತನಕ ಓಡಿಸಿದರೆ ಯಾವ ಎಂಜಿನ್ನು ತಾನೆ ಉಳಿದೀತು? ಹಳೆಯ ಕಾಲದ ಸಿಲಿಂಡರುಗಳ ಹಾಗೆ ಬೋರು ಹೊಡೆಸಿ ಬಳಸುವ ಜಾತಿಯಲ್ಲ ಇದು. ಅಲ್ಯೂಮಿನಿಯಮ್ಮಿನ ಎರಕ, ಕೆಟ್ಟರೆ ಹೊಸದೇ ಹಾಕಬೇಕು. ಅಂದರೆ ಅತ್ತೆಯ ಚೀಟಿಯ ಒಂದು ಪಾಲು ಮತ್ತೆ ಹೊರಗೆ. ಹಿಂದೆ ನೋಡದೆ ಬಂದೆವು.

ಮೂರನೆಯ ಗಾಡಿಯನ್ನು ಕಂಡಾಗ ಭಾವನ ಮುಖ ಇಳಿದುಹೋಯಿತು. ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ಸಭ್ಯರೊಬ್ಬರದು. ನೀಲಿ ಬಣ್ಣ ಮಾಸಿತ್ತು, ಬಲಗಡೆ ಗೇಟಿಗೆ ಉಜ್ಜಿದ ಉದ್ದನೆಯ ಗೀರು, ಮಡ್‌ಗಾರ್ಡಿನಡಿ ಕಳೆದ ಮಳೆಗಾಲದ ಕೆಸರು. ‘ತೊಳೆಸೋಕೆ ಆಗಲಿಲ್ಲ’ ಎಂದು ಅವರೇ ಸಂಕೋಚಪಟ್ಟರು. ಎಂಜಿನ್ನು ಮಾತ್ರ ತಣ್ಣಗಿತ್ತು. ಗುಂಡಿ ಒತ್ತಿದೊಡನೆ ಹತ್ತಿತು, ಹೊಗೆಯಿಲ್ಲ. ಸಾಹೇಬರು ಹಿಂದಿನ ಚಕ್ರದ ಹಲ್ಲಿನ ಗಾಲಿಯ ಬಳಿ ಕುಳಿತು ಚೈನನ್ನು ಎರಡು ಬೆರಳಿನಿಂದ ಹಿಂದಕ್ಕೆಳೆದರು. ಅದು ಗಾಲಿಯಿಂದ ಮೇಲೆದ್ದು ಅರ್ಧ ಹಲ್ಲು ಕಾಣಿಸಿತು. ಹಲ್ಲುಗಳು ಸಮನಾಗಿ ನಿಲ್ಲದೆ ಒಂದೇ ಕಡೆಗೆ ಅಲೆಯಂತೆ ಬಾಗಿದ್ದವು. ಆಗ ನನಗೆ ತಾತ ನೆನಪಾಗಿ ನಗು ಬಂತು. ಗಾಡಿಗೂ ಹಲ್ಲುಂಟು, ನೋಡುವವರಿಗೆ ಅದೂ ಪ್ರಾಯ ಹೇಳುತ್ತದೆ! ಆದರೆ ಚೈನ್ ಸೆಟ್ಟು ಸವೆಯುವುದು ಧರ್ಮ, ಬದಲಾಯಿಸಬಹುದಾದದ್ದು. ಜಜ್ಜಿದ ಕತ್ತಿನ ಹಾಗಲ್ಲ. ಟೈರುಗಳ ಪಕ್ಕದಲ್ಲಿ ನಾಲ್ಕಂಕಿಯ ಒಂದು ಗುರುತಿರುತ್ತದೆ: 3216 ಎಂದಿದ್ದರೆ 2016ನೆಯ ಇಸವಿಯ ಮೂವತ್ತೆರಡನೆಯ ವಾರ ತಯಾರಾದದ್ದೆಂದು ಅರ್ಥ. ಹಿಂದಿನ ಟೈರು 2022ರದು, ಮುಂದಿನದು ಗಾಡಿಯ ಜೊತೆಗೆ ಬಂದದ್ದು, ರಬ್ಬರು ಸೀಳುಬಿಟ್ಟಿತ್ತು. ಮೀಟರು ಮೂವತ್ತೊಂದು ಸಾವಿರವೆಂದಿತು. ಅವರ ಬಳಿಯಿದ್ದ ಸರ್ವಿಸ್ಸಿನ ರಸೀದಿಗಳೂ ಹೆಜ್ಜೆಹೆಜ್ಜೆಗೆ ಅದನ್ನೇ ಹೇಳಿದವು. ಸಾಹೇಬರು ಓಡಿಸಿ ನೋಡಿದರು. ಆರನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಒಮ್ಮೆಗೇ ಆಕ್ಸಿಲರೇಟರ್ ಕೊಟ್ಟಾಗ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆಯೆಂದು ತಿಳಿಯಬೇಕಂತೆ, ಹಾಗಾಗಲಿಲ್ಲ. ಬ್ರೇಕು ಹಿಡಿದಾಗ ಹಿಡಿ ಕೈಯಲ್ಲಿ ಮಿಡಿಯಲಿಲ್ಲ, ಆದ್ದರಿಂದ ಡಿಸ್ಕು ಸೊಟ್ಟಗಾಗಿಲ್ಲ. ಒಂದು ಮಾತನ್ನು ಮಾತ್ರ ಭಾವನಿಗೆ ಒತ್ತಿ ಹೇಳಿದರು. 125 ಸಿಸಿಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆಲ್ಲ ಎ. ಬಿ. ಎಸ್. ಕಡ್ಡಾಯವಾದದ್ದು 2019ರ ಏಪ್ರಿಲಿನಿಂದ. ಇದು 2016ರದು, ಆ ಸೌಕರ್ಯವಿಲ್ಲ. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಗಟ್ಟಿಯಾಗಿ ಅಮುಕಿದರೆ ಚಕ್ರ ಸಿಕ್ಕಿಕೊಂಡು ಜಾರುತ್ತದೆ.

ಅಲ್ಲಿಂದ ಮುಂದೆ ನನ್ನ ಪಾಳಿ. ಚಾಸಿಯ ಮೇಲೂ ಎಂಜಿನ್ನಿನ ಮೇಲೂ ಕೊರೆದ ಸಂಖ್ಯೆಗಳನ್ನು ಆರ್. ಸಿ. ಯೊಡನೆ ಒಂದೊಂದಕ್ಷರವಾಗಿ ಹೋಲಿಸಿದೆ. ಶಾಸನಗಳಲ್ಲಿ ಕೂಟಶಾಸನಗಳಿರುವಂತೆ ಇಲ್ಲಿಯೂ ಉಜ್ಜಿ ಮತ್ತೆ ಕೊರೆದ ಸಂಖ್ಯೆಗಳುಂಟು. ಅಕ್ಷರಗಳ ಸಾಲು ಓರೆಯಾಗಿದ್ದರೆ, ಸುತ್ತಲಿನ ಲೋಹ ಅರದಿಂದ ಉಜ್ಜಿದಂತಿದ್ದರೆ, ಅದು ಕದ್ದ ಗಾಡಿಯಿರಬಹುದು. ಇದರಲ್ಲಿ ಹಾಗೇನೂ ಇರಲಿಲ್ಲ. ಎಂ-ಪರಿವಾಹನ್‌ನಲ್ಲಿ ಸಂಖ್ಯೆ ಹಾಕಿ ನೋಡಿದಾಗ ಒಂದು ತೊಡಕು ಸಿಕ್ಕಿತು. ಸಾಲ ತೀರಿ ಮೂರು ವರ್ಷವಾಗಿದ್ದರೂ ದಾಖಲೆಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಕುಳಿತಿತ್ತು. ಬ್ಯಾಂಕಿನಿಂದ ಪತ್ರ ತಂದು 35ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಅದನ್ನು ತೆಗೆಸದ ಹೊರತು ಗಾಡಿ ಭಾವನ ಹೆಸರಿಗೆ ಬರುವಂತಿಲ್ಲ. ಗೃಹಸ್ಥರು ಒಪ್ಪಿ, ಹತ್ತು ದಿನ ಬೇಕೆಂದರು. ಭಾವನಿಗೆ ಹತ್ತು ನಿಮಿಷವೂ ಬೇಡವಾಗಿತ್ತು. ‘29, 30ನೆಯ ನಮೂನೆಗಳಿಗೆ ಸಹಿ ಹಾಕಿಸಿಕೊಂಡು ಗಾಡಿ ತಗೊಂಡು ಹೋಗೋಣ ಭಾವ, ಮಿಕ್ಕಿದ್ದು ಆಮೇಲಾಯ್ತು’ ಎಂದ. ನಮ್ಮ ಕಡೆ ಹೀಗೆ ಸಹಿಯಾದ ಖಾಲಿ ನಮೂನೆಗಳನ್ನು ಡಬ್ಬಿಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಓಡಾಡುವವರು ಎಷ್ಟೋ ಜನ.

ಈ ಜಾಗದಲ್ಲಿ ನಾನು ಬಗ್ಗಲಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 50ನೆಯ ಸೆಕ್ಷನ್ನಿನ ಪ್ರಕಾರ ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕುವುದಕ್ಕೂ 14 ದಿನವೇ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಮೊಕದ್ದಮೆಯನ್ನು ತೀರ್ಮಾನಿಸಿತು. ಕಾರೊಂದು ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿತ್ತು. ದಾಖಲೆಯಲ್ಲಿ ಮಾತ್ರ ಮೊದಲಿನವರ ಹೆಸರೇ ಇತ್ತು. 2009ರಲ್ಲಿ ಅದು ಒಬ್ಬರ ಪ್ರಾಣ ತೆಗೆಯಿತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು, ಪರಿಹಾರದ ಹೊಣೆಯೂ ಅವರದೇ ಎಂದು ನ್ಯಾಯಾಲಯ ಹೇಳಿತು. ಇದನ್ನು ಆ ಗೃಹಸ್ಥರಿಗೆ ವಿವರಿಸಿದೆ. ಅವರು ಹತ್ತು ದಿನವೆಂದಿದ್ದವರು ಆರೇ ದಿನಕ್ಕೆ ಬ್ಯಾಂಕಿನ ಪತ್ರ ತಂದರು.

ಚೈನ್ ಸೆಟ್ಟು, ಮುಂದಿನ ಟೈರು ಎರಡರ ಲೆಕ್ಕವನ್ನೂ ಸಾಹೇಬರು ಕಾಗದದ ಮೇಲೆ ಬರೆದು ತೋರಿಸಿದರು. ತಾತನ ಕಾಲದಲ್ಲಾಗಿದ್ದರೆ ವಲ್ಲಿಯ ಕೆಳಗೆ ಬೆರಳು ಹಿಡಿದು ನಡೆಯುತ್ತಿದ್ದ ವ್ಯಾಪಾರ ಬಾಯಲ್ಲೇ ನಡೆದು, 68,000ಕ್ಕೆ ಶುರುವಾದದ್ದು 61,500ಕ್ಕೆ ನಿಂತಿತು. ಸಾಹೇಬರು ತಮ್ಮ ಕೂಲಿಯೆಂದು ಐನೂರು ರೂಪಾಯಿ ಮಾತ್ರ ಇಸಿದುಕೊಂಡರು. ಮೊದಲ ಗಾಡಿಯ ಅಂಗಡಿಯವರು ಅವರಿಗೆ ಎರಡು ಸಾವಿರದ ಆಸೆ ತೋರಿಸಿದ್ದರೆಂಬುದು ನನಗೆ ಬಹಳ ದಿನಗಳ ಮೇಲೆ ತಿಳಿಯಿತು.

ಗಾಡಿ ಮನೆಗೆ ಬಂದು ಈಗ ಐದು ತಿಂಗಳು. ಒಂದು ಸಲ ಬ್ಯಾಟರಿ ಬದಲಾಯಿಸಿದ್ದಾಗಿದೆ. ಹೊಸ ಹೆಸರಿನ ಆರ್. ಸಿ. ಅಂಚೆಯಲ್ಲಿ ಬಂದಿದೆ. ಈ ವಾರ ಭಾವನಿಗೆ ಎರಡನೆಯ ಪಾಳಿ. ಹನ್ನೊಂದೂ ಮುಕ್ಕಾಲರ ಸುಮಾರಿಗೆ ಕೆರೆಯ ಏರಿಯ ಮೇಲೆ ಅದರ ಸದ್ದು ಕೇಳಿಸುತ್ತದೆ. ಅತ್ತೆ ಎದ್ದು ಸಾರು ಬಿಸಿಗಿಡುತ್ತಾರೆ.